ಪರೀಕ್ಷೆಯ ವರ್ಷದಲ್ಲೊಂದು ಓಟ

ಪರೀಕ್ಷೆ ಹತ್ತಿರ ಬಂದಿತೆಂದರೆ ಮನೆಗಳಲ್ಲಿ ಮೊದಲು ನಿಲ್ಲುವುದು ಮಕ್ಕಳ ಆಟ. ಬ್ಯಾಟು ಅಟ್ಟ ಸೇರುತ್ತದೆ, ಓಟದ ಬೂಟು ಮಂಚದಡಿ ಹೋಗುತ್ತದೆ. ‘ಈ ಒಂದು ವರ್ಷ ಸುಮ್ಮನಿರು, ಆಮೇಲೆ ಬೇಕಾದರೆ ಓಡು’ ಎಂಬ ಮಾತನ್ನು ಕೇಳದ ಕ್ರೀಡಾಪಟು ವಿದ್ಯಾರ್ಥಿ ಅಪರೂಪ. ತಂದೆ ತಾಯಿಯರ ಈ ಆತಂಕ ಸುಳ್ಳಲ್ಲ. ಓದಿಗೂ ಓಟಕ್ಕೂ ಇರುವುದು ಅದೇ ಇಪ್ಪತ್ತನಾಲ್ಕು ಗಂಟೆ, ಅದೇ ಒಂದು ದೇಹ. ಆದರೆ ಓಟದ ಚರಿತ್ರೆಯಲ್ಲಿ ಬಹುಶಃ ಎಲ್ಲಕ್ಕಿಂತ ಹೆಸರಾದ ಓಟವನ್ನು ಓಡಿದವರು ವೈದ್ಯಕೀಯ ಪದವಿಯ ಕೊನೆಯ ವರ್ಷದಲ್ಲಿದ್ದ ಒಬ್ಬ ವಿದ್ಯಾರ್ಥಿ. ಅದೂ ಹಂಗಾಮು ಶುರುವಾಗುವ ಹೊತ್ತಿನಲ್ಲಿ, ಆ ವರ್ಷದ ತಮ್ಮ ಮೊದಲ ದೊಡ್ಡ ಸ್ಪರ್ಧೆಯಲ್ಲಿ.

ಅವರು ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿ, ನಾಲ್ಕು ನಿಮಿಷದ ಗಡಿ ದಾಟಿದ ಮೊದಲ ಮನುಷ್ಯ. ಆಗ ಅವರಿಗೆ 25 ವರ್ಷ. ಆ ನಾಲ್ಕು ನಿಮಿಷದ ಕತೆ ಎಲ್ಲರಿಗೂ ಗೊತ್ತು. ವಿದ್ಯಾರ್ಥಿಗಳು ತಿಳಿಯಬೇಕಾದದ್ದು ಅದರ ಹಿಂದಿನ ಐದು ತಿಂಗಳ ಕತೆ.

ಸೋಲಿನಿಂದ ಶುರು

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಟದ ಚಿನ್ನ ಬ್ಯಾನಿಸ್ಟರ್ ಅವರದೇ ಎಂದು ಬ್ರಿಟನ್ನಿನ ಪತ್ರಿಕೆಗಳು ಬರೆದಿದ್ದವು. ಅವರ ಅಭ್ಯಾಸ ಮಾತ್ರ ಬಹಳ ಹಗುರವಾಗಿತ್ತು. ಓದಿನ ನಡುವೆ ಸಿಗುತ್ತಿದ್ದುದೇ ಅಷ್ಟು ಸಮಯ. ಆ ಬಾರಿ ಸಂಘಟಕರು ಸೆಮಿಫೈನಲ್ ಸುತ್ತೊಂದನ್ನು ಹೊಸದಾಗಿ ಸೇರಿಸಿದರು. ಮೂರು ಸುತ್ತುಗಳ ಆಯಾಸವನ್ನು ತಡೆಯುವ ಅಡಿಪಾಯ ಅವರ ಕಾಲುಗಳಲ್ಲಿರಲಿಲ್ಲ. ನಾಲ್ಕನೆಯವರಾಗಿ ಬರಿಗೈಯಲ್ಲಿ ಮರಳಿದರು. ಪತ್ರಿಕೆಗಳು ಟೀಕಿಸಿದವು.

ಓಟವನ್ನೇ ಬಿಟ್ಟುಬಿಡುವ ಯೋಚನೆಯೂ ಬಂದಿತ್ತು. ಕೊನೆಗೆ ವೈದ್ಯನಾಗುವವರೆಗೆ ಇನ್ನೆರಡು ವರ್ಷ ಓಡುವುದೆಂದು ನಿರ್ಧರಿಸಿದರು. ಗುರಿ ನಾಲ್ಕು ನಿಮಿಷದ ಮೈಲಿ. ಆಗಿನ ವಿಶ್ವದಾಖಲೆ ಸ್ವೀಡನ್ನಿನ ಗುಂಡರ್ ಹೆಗ್ 1945ರಲ್ಲಿ ಮಾಡಿದ್ದ 4 ನಿಮಿಷ 1.4 ಸೆಕೆಂಡು. ಒಂಬತ್ತು ವರ್ಷ ಅದನ್ನು ಯಾರೂ ಅಲುಗಿಸಿರಲಿಲ್ಲ.

ಹತ್ತು ಸುತ್ತುಗಳ ಲೆಕ್ಕ

ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಬ್ಯಾನಿಸ್ಟರ್ ಕಲಿಯುತ್ತಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹತ್ತಿರದ ಪ್ಯಾಡಿಂಗ್‌ಟನ್ ಮೈದಾನಕ್ಕೆ ಹೋಗಿ, ಬಟ್ಟೆ ಬದಲಿಸಿ, ಓಡಿ, ಮತ್ತೆ ರೋಗಿಗಳ ಬಳಿಗೆ ಮರಳುವುದು ದಿನಚರಿ. ಓಟಕ್ಕೆ ಸಿಗುತ್ತಿದ್ದುದು ಸುಮಾರು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ.

ಸಮಯ ಕಡಿಮೆಯಾದ್ದರಿಂದ ಅದನ್ನು ಲೆಕ್ಕ ಹಾಕಿ ಬಳಸಬೇಕಾಯಿತು. ಮೈಲಿ ಎಂದರೆ 1609 ಮೀಟರ್, ಆಗಿನ 440 ಗಜದ ಟ್ರ್ಯಾಕ್‌ನಲ್ಲಿ ಸರಿಯಾಗಿ ನಾಲ್ಕು ಸುತ್ತು. ನಾಲ್ಕು ನಿಮಿಷಕ್ಕೆ ನಾಲ್ಕು ಸುತ್ತಾದರೆ ಸುತ್ತಿಗೆ ಅರವತ್ತು ಸೆಕೆಂಡು. ಒಂದು ಸುತ್ತನ್ನು ಅರವತ್ತು ಸೆಕೆಂಡಿನಲ್ಲಿ ಓಡುವುದು ಒಳ್ಳೆಯ ಕಾಲೇಜು ಓಟಗಾರನಿಗೂ ಸಾಧ್ಯ. ಕಷ್ಟವಿರುವುದು ನಿಲ್ಲದೆ ನಾಲ್ಕು ಬಾರಿ ಹಾಗೆ ಓಡುವುದರಲ್ಲಿ.

ಆದ್ದರಿಂದ ಅಭ್ಯಾಸದ ಮುಖ್ಯ ಭಾಗ ಹೀಗಿತ್ತು: ಒಂದು ಸುತ್ತು ವೇಗವಾಗಿ ಓಡುವುದು, ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು. ಹೀಗೆ ಹತ್ತು ಬಾರಿ. ಇದನ್ನೇ ಇಂಟರ್‌ವಲ್ ಅಭ್ಯಾಸ ಎನ್ನುತ್ತಾರೆ. ಸ್ಪರ್ಧೆಯ ವೇಗದಲ್ಲೇ ಒಟ್ಟು ಎರಡೂವರೆ ಮೈಲಿ ಓಡಿದಂತಾಗುತ್ತದೆ, ಆದರೆ ನಡುವಿನ ಬಿಡುವಿನಿಂದ ದೇಹ ಕುಸಿಯುವುದಿಲ್ಲ. ಹೃದಯಕ್ಕೆ ಶ್ರಮ ತಾಳುವ ಶಕ್ತಿ ಬರುತ್ತದೆ, ಕಾಲುಗಳಿಗೆ ಆ ವೇಗ ರೂಢಿಯಾಗುತ್ತದೆ.

ಜೊತೆಗೆ ಇಬ್ಬರು ಗೆಳೆಯರಿದ್ದರು. ಅಡೆತಡೆ ಓಟಗಾರ ಕ್ರಿಸ್ ಬ್ರಾಷರ್ ಮತ್ತು 5000 ಮೀಟರ್ ಓಟಗಾರ ಕ್ರಿಸ್ ಚಾಟವೇ. ಇವರಿಗೆ ಮಾರ್ಗದರ್ಶಕರಾಗಿದ್ದವರು ಆಸ್ಟ್ರಿಯಾ ಮೂಲದ ತರಬೇತುದಾರ ಫ್ರಾಂಜ್ ಸ್ಟ್ಯಾಂಪ್‌ಫ್ಲ್. 1953ರ ಡಿಸೆಂಬರ್‌ನಲ್ಲಿ ಈ ಹತ್ತು ಸುತ್ತುಗಳ ಸರಾಸರಿ 66 ಸೆಕೆಂಡು. ಚಳಿಗಾಲದುದ್ದಕ್ಕೂ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯಿತು. ಏಪ್ರಿಲ್ ಹೊತ್ತಿಗೆ 61 ಸೆಕೆಂಡು.

ಅಲ್ಲಿಗೆ ನಿಂತುಬಿಟ್ಟಿತು.

ನಿಂತಾಗ ಮಾಡಿದ್ದೇನು?

ಎಷ್ಟು ಪ್ರಯತ್ನಿಸಿದರೂ ಆ ಒಂದು ಸೆಕೆಂಡು ಕಡಿಮೆಯಾಗಲಿಲ್ಲ. ಸ್ಪರ್ಧೆಗೆ ಉಳಿದಿದ್ದುದು ಕೆಲವೇ ವಾರ. ಇಂಥ ಹೊತ್ತಿನಲ್ಲಿ ಯಾರಿಗಾದರೂ ತೋಚುವುದು ಒಂದೇ: ಇನ್ನೂ ಹೆಚ್ಚು ಓಡಬೇಕು. ಗಣಿತದಲ್ಲಿ ಅಂಕ ಏರದಿದ್ದರೆ ಇನ್ನೊಂದು ಟ್ಯೂಷನ್ನಿಗೆ ಹಾಕುವ ಹಾಗೆ.

ಬ್ಯಾನಿಸ್ಟರ್ ಮತ್ತು ಬ್ರಾಷರ್ ಮಾಡಿದ್ದು ಅದಕ್ಕೆ ತದ್ವಿರುದ್ಧ. ಟ್ರ್ಯಾಕ್‌ಗೆ ಬೆನ್ನು ತಿರುಗಿಸಿ ಸ್ಕಾಟ್ಲೆಂಡಿಗೆ ಹೋದರು. ಕೆಲವು ದಿನ ಓಟದ ಮಾತಿಲ್ಲ, ಬಂಡೆ ಹತ್ತುವುದೇ ಕೆಲಸ. ಕಾಲು ಉಳುಕಿದ್ದರೆ ಇಡೀ ವರ್ಷದ ಶ್ರಮ ಮಣ್ಣುಪಾಲಾಗುತ್ತಿತ್ತು. ಆ ಮಟ್ಟಿಗೆ ಅದು ಅನುಕರಣೆಗೆ ಯೋಗ್ಯವಲ್ಲ. ಆದರೆ ಮರಳಿ ಬಂದು ಸುಧಾರಿಸಿಕೊಂಡ ಮೇಲೆ ಅದೇ ಹತ್ತು ಸುತ್ತುಗಳನ್ನು ಓಡಿದಾಗ ಸರಾಸರಿ 59 ಸೆಕೆಂಡು ಬಂದಿತು.

ಇದರಲ್ಲಿ ಪವಾಡವಿಲ್ಲ. ಅಭ್ಯಾಸದಿಂದ ದೇಹ ಮೊದಲು ದಣಿಯುತ್ತದೆ. ಬಲ ಬರುವುದು ಆ ದಣಿವು ಆರುವಾಗ. ಆರಲು ಬಿಡದೆ ದಣಿಸುತ್ತಲೇ ಹೋದರೆ ಮಾಡಿದ ಕೆಲಸದ ಫಲ ಕಾಣಿಸುವುದೇ ಇಲ್ಲ. ಶರೀರಶಾಸ್ತ್ರ ಓದಿದ್ದ, ಆಕ್ಸ್‌ಫರ್ಡಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿ ಉಸಿರಾಟದ ಪ್ರಯೋಗಗಳನ್ನೂ ಮಾಡಿದ್ದ ಬ್ಯಾನಿಸ್ಟರ್, ಸ್ಪರ್ಧೆಯ ಮುನ್ನಾ ದಿನಗಳಲ್ಲೂ ಹೀಗೆಯೇ ಮಾಡಿದರು. ಕೊನೆಯ ಐದು ದಿನ ಅಭ್ಯಾಸವನ್ನೇ ನಿಲ್ಲಿಸಿದರು.

ಮೊದಲ ಸ್ಪರ್ಧೆಯಲ್ಲೇ ಏಕೆ?

ಸಾಮಾನ್ಯವಾಗಿ ಹಂಗಾಮಿನ ಮೊದಲ ಓಟ ಸ್ಥಿತಿ ಅರಿಯಲು ಮಾತ್ರ. ಪೂರ್ಣ ಶಕ್ತಿ ತೋರಿಸುವುದು ಬೇಸಿಗೆಯ ನಡುವಿನ ದೊಡ್ಡ ಕೂಟಗಳಲ್ಲಿ. ಆದರೆ ಬ್ಯಾನಿಸ್ಟರ್‌ಗೆ ಕಾಯುವ ಅವಕಾಶವಿರಲಿಲ್ಲ. ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಹಲವು ಬಾರಿ 4 ನಿಮಿಷ 2 ಸೆಕೆಂಡಿನ ಆಸುಪಾಸಿಗೆ ಬಂದಿದ್ದರು. ತಮ್ಮ ದೇಶದ ಹಂಗಾಮು ಮುಗಿಸಿ ಒಳ್ಳೆಯ ಟ್ರ್ಯಾಕ್‌ಗಳಿರುವ ಫಿನ್ಲೆಂಡಿನತ್ತ ಹೊರಟಿದ್ದರು. ಅಮೆರಿಕದ ವೆಸ್ ಸ್ಯಾಂಟಿಯೂ ಹಿಂದೆ ಇರಲಿಲ್ಲ.

ಮೇ 6, ಗುರುವಾರ. ಬೆಳಿಗ್ಗೆ ಬ್ಯಾನಿಸ್ಟರ್ ಎಂದಿನಂತೆ ಆಸ್ಪತ್ರೆಗೆ ಹೋದರು. ಅಲ್ಲಿನ ಪ್ರಯೋಗಾಲಯದ ಸಾಣೆಕಲ್ಲಿನಲ್ಲಿ ಬೂಟಿನ ಮೊಳೆಗಳನ್ನು ಮಸೆದುಕೊಂಡು ಆಕ್ಸ್‌ಫರ್ಡಿಗೆ ರೈಲು ಹತ್ತಿದರು. ಇಫ್ಲಿ ರಸ್ತೆಯ ಮೈದಾನದಲ್ಲಿ ಮಳೆ, ಜೋರು ಗಾಳಿ. ಟ್ರ್ಯಾಕ್ ಇಂದಿನ ಸಿಂಥೆಟಿಕ್ ಹಾಸಲ್ಲ, ಸುಟ್ಟ ಕಲ್ಲಿದ್ದಲ ಕಿಟ್ಟವನ್ನು ಪುಡಿ ಮಾಡಿ ಹಾಸಿದ್ದು. ಅಂಥ ಗಾಳಿಯಲ್ಲಿ ದಾಖಲೆಗೆ ಯತ್ನಿಸಿ ಸೋತರೆ ಶಕ್ತಿಯೂ ಹೋಗುತ್ತದೆ, ಧೈರ್ಯವೂ ಹೋಗುತ್ತದೆ. ಓಟಕ್ಕೆ ಸ್ವಲ್ಪ ಮೊದಲು ಪಕ್ಕದ ಚರ್ಚಿನ ಗೋಪುರದ ಬಾವುಟದ ಹಾರಾಟ ಸಡಿಲವಾದದ್ದನ್ನು ಕಂಡು ಅವರು ಮನಸ್ಸು ಗಟ್ಟಿ ಮಾಡಿದರು.

ಸಂಜೆ ಆರಕ್ಕೆ ಓಟ. ಮೊದಲು ಬ್ರಾಷರ್ ಮುಂದಿದ್ದು ವೇಗ ಹಿಡಿದುಕೊಟ್ಟರು. ಅವರು ದಣಿದಾಗ ಚಾಟವೇ ಮುಂದೆ ಬಂದರು. ಸುತ್ತುಗಳ ವೇಳೆ 57.5, 60.7, 62.3 ಸೆಕೆಂಡು. ಮೂರು ಸುತ್ತು ಮುಗಿದಾಗ ಗಡಿಯಾರ ಮೂರು ನಿಮಿಷ ದಾಟಿತ್ತು. ಕೊನೆಯ ಸುತ್ತಿನಲ್ಲಿ ಚಾಟವೇಯನ್ನು ಹಿಂದಿಕ್ಕಿ ಬ್ಯಾನಿಸ್ಟರ್ ಒಬ್ಬರೇ ಓಡಿದರು. 58.9 ಸೆಕೆಂಡು. ಗುರಿ ಮುಟ್ಟಿ ಕುಸಿದರು. ಧ್ವನಿವರ್ಧಕದಲ್ಲಿ ‘ಮೂರು’ ಎಂಬ ಶಬ್ದ ಕೇಳಿದ್ದೇ ತಡ, ಮುಂದಿನ ಅಂಕಿಗಳು ಜನರ ಕೂಗಿನಲ್ಲಿ ಮುಳುಗಿಹೋದವು.

ಆ ದಾಖಲೆ ಉಳಿದದ್ದು 46 ದಿನ ಮಾತ್ರ. ಜೂನ್ 21ರಂದು ಫಿನ್ಲೆಂಡಿನ ಟುರ್ಕುವಿನಲ್ಲಿ ಲ್ಯಾಂಡಿ 3 ನಿಮಿಷ 58 ಸೆಕೆಂಡಿನಲ್ಲಿ ಓಡಿದರು. ಆಗಸ್ಟ್‌ನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಇಬ್ಬರೂ ಎದುರಾದಾಗ ಗೆದ್ದವರು ಬ್ಯಾನಿಸ್ಟರ್. ಅದೇ ವರ್ಷ ಅವರು ವೈದ್ಯರಾದರು, ಓಟಕ್ಕೆ ವಿದಾಯವನ್ನೂ ಹೇಳಿದರು. ಮುಂದೆ ನರರೋಗ ತಜ್ಞರಾಗಿ ದುಡಿದರು. 2018ರಲ್ಲಿ ತೀರಿಕೊಂಡ ಅವರು, ಆ ನಾಲ್ಕು ನಿಮಿಷಕ್ಕಿಂತ ವೈದ್ಯಕೀಯದಲ್ಲಿ ಮಾಡಿದ ಕೆಲಸದ ಬಗ್ಗೆಯೇ ತಮಗೆ ಹೆಚ್ಚು ಹೆಮ್ಮೆ ಎನ್ನುತ್ತಿದ್ದರು.

ಅದೇ ತಿಂಗಳು, ಇನ್ನೊಂದು ಓಟ

ಅದೇ ಮೇ ತಿಂಗಳ 29ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ 21 ವರ್ಷದ ಡಯೇನ್ ಲೆದರ್ ಮೈಲಿಯನ್ನು 4 ನಿಮಿಷ 59.6 ಸೆಕೆಂಡಿನಲ್ಲಿ ಓಡಿದರು. ಐದು ನಿಮಿಷದ ಗಡಿ ದಾಟಿದ ಮೊದಲ ಮಹಿಳೆ. ಮೂರು ದಿನ ಮೊದಲು ಅವರು 5 ನಿಮಿಷ 0.2 ಸೆಕೆಂಡಿಗೆ ನಿಂತಿದ್ದರು. ಅವರಿಗೆ ಅಂಥ ಪ್ರಚಾರ ಸಿಗಲಿಲ್ಲ. ಮಹಿಳೆಯರ ಮೈಲಿ ಓಟದ ವಿಶ್ವದಾಖಲೆಗೆ ಆಗ ಮಾನ್ಯತೆಯೇ ಇರಲಿಲ್ಲ. ಒಲಿಂಪಿಕ್ಸ್‌ಗೆ ಮಹಿಳೆಯರ 1500 ಮೀಟರ್ ಓಟ ಬಂದದ್ದು 1972ರಲ್ಲಿ. ಮಗಳು ಮೈದಾನಕ್ಕೆ ಹೋಗುತ್ತೇನೆಂದಾಗ ಹಿಂದೆ ಮುಂದೆ ನೋಡುವ ಮನೆಗಳು ಇದನ್ನು ನೆನಪಿಡಬೇಕು. ಹೆಣ್ಣುಮಕ್ಕಳನ್ನು ಹಿಂದಿಟ್ಟದ್ದು ಅವರ ಕಾಲುಗಳಲ್ಲ.

ನಮ್ಮ ದೇಶದ ಲೆಕ್ಕ

ಹಂಗಾಮಿನ ಆರಂಭದಲ್ಲೇ ವೇಗದ ಓಟ ಓಡುವ ಕ್ರಮ ಈಗ ನಮ್ಮವರಿಗೂ ಬಂದಿದೆ. ಉತ್ತರ ಪ್ರದೇಶದ ಅಲಿಗಢ ಜಿಲ್ಲೆಯ, ಸೇನೆಯ ಓಟಗಾರ ಗುಲ್ವೀರ್ ಸಿಂಗ್ 2024ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 10,000 ಮೀಟರನ್ನು 27 ನಿಮಿಷ 41.81 ಸೆಕೆಂಡಿನಲ್ಲಿ ಓಡಿ, 2008ರಿಂದ ಉಳಿದಿದ್ದ ಸುರೇಂದ್ರ ಸಿಂಗ್ ಅವರ ರಾಷ್ಟ್ರೀಯ ದಾಖಲೆ ಮುರಿದರು. 2025ರ ಮಾರ್ಚ್‌ನಲ್ಲಿ ಅದೇ ಕೂಟದಲ್ಲಿ ಅವರ ವೇಳೆ 27 ನಿಮಿಷ 0.22 ಸೆಕೆಂಡಿಗೆ ಇಳಿಯಿತು. ಎರಡು ತಿಂಗಳ ನಂತರ ದಕ್ಷಿಣ ಕೊರಿಯಾದ ಗುಮಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಅದೇ ದೂರವನ್ನು 28 ನಿಮಿಷ 38.63 ಸೆಕೆಂಡಿನಲ್ಲಿ ಓಡಿದರು. ಮಾರ್ಚ್‌ಗಿಂತ ಒಂದೂವರೆ ನಿಮಿಷ ಹೆಚ್ಚು, ಆದರೂ ಚಿನ್ನದ ಪದಕ. ಮಾರ್ಚ್‌ನಲ್ಲಿ ಎದುರಾಳಿ ಗಡಿಯಾರ, ಮೇ ತಿಂಗಳಲ್ಲಿ ಎದುರಾಳಿ ಪಕ್ಕದ ಓಟಗಾರ. ವೇಳೆಯನ್ನಷ್ಟೇ ನೋಡಿ ಮಗ ಹಿಂದೆ ಬಿದ್ದ ಎಂದು ತೀರ್ಮಾನಿಸುವ ಪಾಲಕರಿಗೆ ಇದು ಒಳ್ಳೆಯ ಪಾಠ.

ನಮ್ಮಲ್ಲಿ ಪರೀಕ್ಷೆ ಬರುವುದು ಬಿಸಿಲೇರುವ ತಿಂಗಳುಗಳಲ್ಲಿ. ಆಗ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದರೆ ಮಳೆಗಾಲ ಮುಗಿದು ಶಾಲಾ ಕ್ರೀಡಾಕೂಟಗಳು ಬರುವಾಗ ಮತ್ತೆ ಮೊದಲಿನಿಂದ ಕಟ್ಟಬೇಕು. ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ಹಗುರವಾದ ಓಟ, ವಾರಕ್ಕೊಂದೆರಡು ದಿನ ಪೂರ್ತಿ ಬಿಡುವು, ಹೊಟ್ಟೆ ತುಂಬ ಊಟ, ಸಾಕಷ್ಟು ನಿದ್ದೆ ಇದ್ದರೆ ಪರೀಕ್ಷೆಯ ತಿಂಗಳಲ್ಲಿ ಅಷ್ಟೇ ಸಾಕು. ನಿದ್ದೆಗೆಟ್ಟು ಓದಿದ ಮರುದಿನ ಜೋರಾಗಿ ಓಡಬಾರದು. ನೋವು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಓಡಿದ ದೂರ, ವೇಳೆ, ದಣಿವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಡಿಸೆಂಬರ್‌ನ 66 ಏಪ್ರಿಲ್‌ನಲ್ಲಿ 61 ಆದದ್ದು ಕಣ್ಣಿಗೆ ಕಾಣುತ್ತದೆ.

ಬ್ಯಾನಿಸ್ಟರ್ ಅವರ ಸಾಧನೆ ಎಲ್ಲರ ಮಕ್ಕಳಿಗೂ ದಕ್ಕುವುದಿಲ್ಲ, ದಕ್ಕಬೇಕಾಗಿಯೂ ಇಲ್ಲ. ಆದರೆ ಊಟದ ಬಿಡುವಿನ ಆ ಅರ್ಧ ಗಂಟೆ ಯಾರಿಗಾದರೂ ಸಿಗುತ್ತದೆ. ಈ ಪರೀಕ್ಷೆಯ ವರ್ಷದಲ್ಲಿ ಅಷ್ಟನ್ನು ಮಕ್ಕಳಿಂದ ಕಿತ್ತುಕೊಳ್ಳದಿದ್ದರೆ ಅದೇ ದೊಡ್ಡ ಪ್ರೋತ್ಸಾಹ.