ಮೆಂತ್ಯ ಹಿಟ್ಟಿನಲ್ಲಿರಲಿ, ಬೋರ್ಡಿನಲ್ಲಿ ಬೇಡ

ನಮ್ಮ ಚೆನ್ನೈಯ ಕೆಲವು ಹೋಟೆಲುಗಳ ಬೋರ್ಡುಗಳಲ್ಲಿ ಈಚೆಗೆ ಮೆಂತ್ಯ ದೋಸೆಯ ಪಕ್ಕದಲ್ಲೇ ‘ಸಕ್ಕರೆ ಕಾಯಿಲೆಗೆ ದಿವ್ಯೌಷಧ’ ಎಂಬ ಸಾಲು ಕಾಣಿಸಿಕೊಳ್ಳುತ್ತಿದೆ. ಕೇಳಿದರೆ, “ಆಯುರ್ವೇದ ಹೇಳುತ್ತದೆ, ಚೀನಾದವರೂ ಔಷಧಿಗೆ ಬಳಸುತ್ತಾರೆ, ನಾವು ಬರೆದರೆ ತಪ್ಪೇನು?” ಎಂಬ ಉತ್ತರ ಬರುತ್ತದೆ. ತಪ್ಪಿದೆ ಎಂದೇ ನನ್ನ ಅಭಿಪ್ರಾಯ. ಸದಸ್ಯ ಬಂಧುಗಳು ಬೇಸರಿಸದೆ ಓದಬೇಕು.

ಮೊದಲು ಚೀನಾದ ಮಾತು. ಅಲ್ಲಿನ ನಾಟಿ ವೈದ್ಯರು ಮೆಂತ್ಯಕ್ಕೆ ‘ಹು ಲು ಬಾ’ ಎನ್ನುತ್ತಾರೆ. ಅರಬ್ಬರ ‘ಹುಲ್ಬಾ’ ಎಂಬ ಹೆಸರೇ ಹೀಗಾಗಿದೆ. ಹೊರಗಿನಿಂದ ಹೋದ ಈ ಬೀಜ ಅಲ್ಲಿನ ಔಷಧ ಗ್ರಂಥಗಳಿಗೆ ಸೇರಿದ್ದು ಸುಂಗ್ ಅರಸರ ಕಾಲದಲ್ಲಿ, 11ನೇ ಶತಮಾನದಲ್ಲಿ. ಬೀಜಕ್ಕೆ ಉಪ್ಪುನೀರು ಹಿಡಿಸಿ, ಹುರಿದು, ದಿನಕ್ಕೆ 5ರಿಂದ 10 ಗ್ರಾಂ ಕಷಾಯಕ್ಕೆ ಹಾಕುವುದು ಅವರ ಕ್ರಮ. ಯಾವುದಕ್ಕೆ? ಶೀತದಿಂದ ಬರುವ ಕಿಬ್ಬೊಟ್ಟೆಯ ನೋವು, ಅಂಡವಾಯುವಿನ ನೋವು, ಕಾಲಿನ ಸೋಲು, ಗಂಡಸರ ನಿಶ್ಶಕ್ತಿ. ಮೂತ್ರಪಿಂಡದ ಶಾಖ ಕುಂದಿದಾಗ ಅದನ್ನು ಎಬ್ಬಿಸುವ ಉಷ್ಣ ವಸ್ತು ಎಂಬುದು ಅವರ ಲೆಕ್ಕ. ಒಳಗೆ ಒಣ ಉಷ್ಣ ಇರುವವರಿಗೆ ಕೊಡಬೇಡಿ ಎಂದೂ ಅವರೇ ಹೇಳಿದ್ದಾರೆ. ಬಾಯಾರಿಕೆ, ಪದೇ ಪದೇ ಮೂತ್ರ ಎಂಬ ನಮ್ಮ ಸಕ್ಕರೆ ಕಾಯಿಲೆಯ ಲಕ್ಷಣಗಳನ್ನು ಹಳೆಯ ಚೀನೀ ವೈದ್ಯರು ಬಹುಮಟ್ಟಿಗೆ ಈ ಒಣ ಉಷ್ಣದ ಕಡೆಗೇ ಸೇರಿಸಿದ್ದರು. ಚೀನಾದವರ ಸಾಕ್ಷಿ ಹಿಡಿದು ಬೋರ್ಡು ಬರೆದವರು ಇದನ್ನು ಗಮನಿಸಬೇಕು!

ನಮ್ಮಲ್ಲಿಯೂ ಒಮ್ಮತವಿಲ್ಲ. ಮನೆಯಲ್ಲಿ ಅಜ್ಜಿ ಮೆಂತ್ಯ ತಂಪು ಎನ್ನುತ್ತಾರೆ. ಚೈತ್ರದ ಬಿಸಿಲಿಗೆ ಇಲ್ಲಿನ ತಮಿಳರು ನೆನೆಸಿದ ವೆಂದಯವನ್ನು ಮಜ್ಜಿಗೆಯಲ್ಲಿ ನುಂಗುವುದೂ ಅದೇ ನಂಬಿಕೆಯಿಂದ. ಆಯುರ್ವೇದದವರನ್ನು ಕೇಳಿದರೆ ಉಷ್ಣ ಎನ್ನುತ್ತಾರೆ. ಈ ವ್ಯಾಜ್ಯ ತೀರಿಸುವುದು ಹೋಟೆಲಿನವರ ಕೆಲಸವಲ್ಲ.

ಹಾಗಾದರೆ ಸಕ್ಕರೆ ಕಾಯಿಲೆಗೂ ಮೆಂತ್ಯಕ್ಕೂ ಸಂಬಂಧವೇ ಇಲ್ಲವೇ? ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ರೋಗಿಗಳಿಗೆ ಮೆಂತ್ಯ ಕೊಟ್ಟು ನೋಡಿ, ರಕ್ತದ ಸಕ್ಕರೆ ಇಳಿದದ್ದನ್ನು ಪ್ರಕಟಿಸಿದ್ದಾರೆ. ಆದರೆ ಪ್ರಮಾಣ ನೋಡಿ. 1990ರ ಪ್ರಯೋಗದಲ್ಲಿ ದಿನಕ್ಕೆ 100 ಗ್ರಾಂ, ಅದೂ ಎಣ್ಣೆಯಂಶ ತೆಗೆದ ಪುಡಿ. 1996ರದ್ದರಲ್ಲಿ 25 ಗ್ರಾಂ. ನಮ್ಮ ಅಡುಗೆಮನೆಯ ಲೆಕ್ಕ ಏನು? ನಾಲ್ಕು ಕಿಲೋ ಅಕ್ಕಿ, ಒಂದು ಕಿಲೋ ಉದ್ದಿಗೆ ಭಟ್ಟರು ಒಂದು ಹಿಡಿ, ಎಂದರೆ 50 ಗ್ರಾಂ ಮೆಂತ್ಯ ಹಾಕಿದರು ಎನ್ನಿ. ಅದರಲ್ಲಿ ನೂರು ದೋಸೆ ಎದ್ದರೆ ಒಂದಕ್ಕೆ ಅರ್ಧ ಗ್ರಾಂ. 25 ಗ್ರಾಂ ಹೊಟ್ಟೆಗೆ ಸೇರಬೇಕಾದರೆ ಗಿರಾಕಿ ಐವತ್ತು ದೋಸೆ ತಿನ್ನಬೇಕು! ಜೊತೆಗೆ ಎರಡೂವರೆ ಕಿಲೋ ಅಕ್ಕಿ ಬೇಳೆ. ಮೆಂತ್ಯ ದೋಸೆ ಎಂದು ಮೂರು ಪಟ್ಟು ಹಾಕಿದರೂ ಹದಿನೇಳು ದೋಸೆ ಬೇಕು, ಆಗ ಕಹಿಯಿಂದ ಯಾರೂ ಮುಟ್ಟುವುದಿಲ್ಲ.

ಇದು ನಗುವ ವಿಷಯವಾಗಿ ಉಳಿಯುವುದಿಲ್ಲ. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಮುಂದೆ ನಿಂತು ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ ಎಂದು ಅದರ ಅಂದಾಜು. ಬೆಳಿಗ್ಗೆ ನಮ್ಮ ಟೇಬಲ್ಲಿಗೆ ಬರುವ ಹಿರಿಯರಲ್ಲಿ ಇಂಥವರು ಬೇಕಾದಷ್ಟು ಮಂದಿ ಇದ್ದಾರೆ. ಬೋರ್ಡು ನಂಬಿ ಒಬ್ಬರು ಎರಡು ದೋಸೆ ಜಾಸ್ತಿ ತಿಂದು ಮಾತ್ರೆ ಬಿಟ್ಟರೆ, ಹೊಣೆ ಯಾರದು? ಇನ್ನೊಬ್ಬರು ಅತ್ಯುತ್ಸಾಹದಿಂದ ಮೆಂತ್ಯದ ಪುಡಿಯನ್ನೇ ಚಮಚಗಟ್ಟಲೆ ತಿನ್ನಲು ಶುರುಮಾಡಿದರೆ, ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿಯಬಹುದು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ನೆಲಗಡಲೆ ಆಗದ ಕೆಲವರಿಗೆ ಮೆಂತ್ಯವೂ ಆಗುವುದಿಲ್ಲ, ಎರಡೂ ಒಂದೇ ದ್ವಿದಳ ಕುಲ.

ಕಾನೂನೂ ಇದೆ. ಆಹಾರ ಸುರಕ್ಷತಾ ಕಾಯ್ದೆ 2006ರ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ. ತಿಂಡಿ ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವುದನ್ನು 2018ರ ನಿಯಮಗಳು ತಡೆಯುತ್ತವೆ.

ನನಗೆ ಇದಕ್ಕಿಂತ ಹೆಚ್ಚು ಬೇಸರದ ಸಂಗತಿ ಬೇರೆ ಇದೆ. ಬೋರ್ಡಿನಲ್ಲಿ ಮೆಂತ್ಯದ ಗುಣಗಾನ ಮಾಡುವ ಕೆಲವರೇ ಹಿಟ್ಟಿಗೆ ಮೆಂತ್ಯ ಕಡಿಮೆ ಮಾಡಿ ಸೋಡಾ ಹಾಕುತ್ತಿದ್ದಾರೆ. ಮೆಂತ್ಯದಲ್ಲಿ ಅಂಟಿನಂಥ ನಾರು ಇದೆ. ಉದ್ದಿನ ಜೊತೆ ನಾಲ್ಕೈದು ಗಂಟೆ ನೆನೆದು, ನುಣ್ಣಗೆ ರುಬ್ಬಿದಾಗ ಅದು ನೀರು ಹಿಡಿದುಕೊಳ್ಳುತ್ತದೆ. ಹುಳಿ ಬರುವಾಗ ಏಳುವ ಗಾಳಿಯನ್ನು ಹಿಟ್ಟಿನೊಳಗೇ ನಿಲ್ಲಿಸುತ್ತದೆ. ಕಾವಲಿಯ ಮೇಲೆ ಆ ಹೊಂಬಣ್ಣ, ಆ ಪರಿಮಳ ಬರುವುದೂ ಅದರಿಂದ. ಸೋಡಾಕ್ಕೆ ಇದು ಸಾಧ್ಯವೇ? ಉಡುಪಿ ಕಡೆಯ ದಪ್ಪ, ಮೆತ್ತಗಿನ ಮೆಂತೆ ದೋಸೆ ಬೆಲ್ಲ ಬೆಣ್ಣೆಯ ಜೊತೆ ಬಾಯಿಗಿಟ್ಟವರಿಗೆ ಔಷಧದ ಆಮಿಷ ಬೇಕಾಗಿಲ್ಲ. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರು ಈ ಊರಿನಲ್ಲಿ ಹೆಸರು ಗಳಿಸಿದ್ದು ರುಚಿ, ಶುಚಿಯಿಂದ.

ನನ್ನ ಸಲಹೆ ಇಷ್ಟೇ. ‘ದಿವ್ಯೌಷಧ’ ಅಳಿಸಿ, ‘ಮೆಂತ್ಯ ದೋಸೆ, ಸೋಡಾ ಹಾಕಿಲ್ಲ’ ಎಂದು ಬರೆಯಿರಿ, ಹಾಗೆಯೇ ಮಾಡಿ. ಗಿರಾಕಿ “ಶುಗರುಕ್ಕು ನಲ್ಲದಾ?” ಎಂದು ಕೇಳಿದರೆ, “ಡಾಕ್ಟರನ್ನು ಕೇಳಿ ಸಾರ್, ದೋಸೆ ಮಾತ್ರ ಬಿಸಿ ಇದೆ” ಎನ್ನಲು ಮಾಣಿಗೆ, ಕ್ಯಾಷಿಯರಿಗೆ ಇಬ್ಬರಿಗೂ ಹೇಳಿಕೊಡಿ.