ಚಪ್ಪಲಿ ಎಲ್ಲಿ ಬಿಡಲಿ?

"ಅಯ್ಯೋ, ಇರಲಿ ಬಿಡಿ ಸಾರ್, ಹಾಗೇ ಬನ್ನಿ ಒಳಗೆ."

ನಮ್ಮ ಮಧ್ಯಮವರ್ಗದ ಮನೆಬಾಗಿಲುಗಳಲ್ಲಿ ದಿನಕ್ಕೆ ಎಷ್ಟು ಸಲ ಈ ಮಾತು ಕೇಳಿಬರುತ್ತದೋ ಲೆಕ್ಕ ಇಟ್ಟವರಿಲ್ಲ. ಇದನ್ನು ನಂಬಬಾರದು ಎಂಬುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಬಂದವರು "ಛೆ ಛೆ, ಎಲ್ಲಾದರೂ ಉಂಟೆ" ಎನ್ನುತ್ತ ಒಂದು ಕೈ ಗೋಡೆಗೆ ಕೊಟ್ಟು, ಒಂಟಿ ಕಾಲಲ್ಲಿ ನಿಂತು ಲೇಸು ಬಿಚ್ಚತೊಡಗುತ್ತಾರೆ. ಯಾರಾದರೂ ಮಾತನ್ನು ನಿಜವೆಂದುಕೊಂಡು ಶೂ ಸಮೇತ ನಡೆದು ಬಂದರೋ, ಯಜಮಾನರು ಏನೂ ಆಗಿಲ್ಲವೆಂಬಂತೆ ಸೋಫಾ ತೋರಿಸುತ್ತಾರೆ. ಮನೆಯಾಕೆಯ ಕಣ್ಣು ಮಾತ್ರ ಬಾಗಿಲಿಂದ ಸೋಫಾದವರೆಗಿನ ಹೆಜ್ಜೆಗುರುತುಗಳ ಮೇಲೇ ಇರುತ್ತದೆ. "ಪರವಾಗಿಲ್ಲ" ಎಂದ ಮನುಷ್ಯ ಆ ಮನೆಯಲ್ಲಿ ನೆಲ ಒರೆಸುವವನಲ್ಲವಲ್ಲ.

ಬಂದವರು ಚಪ್ಪಲಿ ಬಿಟ್ಟು ಒಳಗೆ ಬರಬೇಕೆ? ಬರಬೇಕು, ಅದರಲ್ಲಿ ಕೇಳುವುದೇನಿದೆ ಎಂದು ಬಹಳ ಮಂದಿ ಅನ್ನಬಹುದು. ನನ್ನ ಉತ್ತರವೂ ಅದೇ. ಆದರೆ ಯಾತಕ್ಕಾಗಿ ಬಿಡಬೇಕು, ಯಾರಿಗೆಲ್ಲ ಈ ನಿಯಮ ಅನ್ವಯ, ಬಿಡಿಸಿದ ಮೇಲೆ ಮನೆಯವರ ಪಾಲಿಗೆ ಬರುವ ಕೆಲಸವೇನು ಎಂದು ಒಂದೊಂದಾಗಿ ಕೇಳುತ್ತ ಹೋದರೆ ನಮ್ಮಲ್ಲಿ ಅನೇಕರಿಗೆ ಕಸಿವಿಸಿಯಾಗುತ್ತದೆ. ಆಗಬೇಕಾದದ್ದೇ.

ಬಿಡಬೇಕು ಎನ್ನುವುದಕ್ಕೆ ಗಟ್ಟಿಯಾದ ಕಾರಣ ನೆಲ. ಮೊನ್ನೆಮೊನ್ನೆಯವರೆಗೆ ನಮ್ಮ ಊಟ, ನಿದ್ದೆ, ಬಾಣಂತನ, ಹರಟೆ ಎಲ್ಲ ನಡೆದದ್ದು ನೆಲದ ಮೇಲೇ. ಸಗಣಿ ಸಾರಿಸಿದ್ದು ಹೋಗಿ ರೆಡ್ ಆಕ್ಸೈಡ್ ಬಂತು, ಅದೂ ಹೋಗಿ ಹೊಳೆಯುವ ಟೈಲ್ಸ್ ಬಂತು. ನೆಲದ ಬಳಕೆ ಪೂರ್ತಿ ಹೋಗಿಲ್ಲ. ಡೈನಿಂಗ್ ಟೇಬಲ್ ಇದ್ದ ಮನೆಯಲ್ಲೂ ಹಬ್ಬದ ದಿನ ಎಲೆ ಹಾಕುವುದು ನೆಲಕ್ಕೆ. ಚಳಿಗಾಲದಲ್ಲಿ ಅವರೆಕಾಳು ಹಿದುಕಲು ಕೂರುವುದು ಅಲ್ಲೇ. ಅಂಬೆಗಾಲಿಡುವ ಕೂಸು ಬಿಸ್ಕತ್ತಿನ ಚೂರನ್ನು ಹೆಕ್ಕಿ ಬಾಯಿಗಿಟ್ಟುಕೊಳ್ಳುವುದೂ ಅಲ್ಲಿಂದಲೇ. ಮಲೆನಾಡಿನಲ್ಲಂತೂ ಆಷಾಢದ ಮಳೆ ಹಿಡಿದಾಗ ಮೆಟ್ಟಿಲ ಬಳಿ ಕಾಲು ತೊಳೆದು ಜಗಲಿ ಹತ್ತದಿದ್ದರೆ ಕೆಸರಿನ ಜತೆಗೆ ಇಂಬಳವೂ ನಡುಮನೆಗೆ ಬಂದುಬಿಡುತ್ತದೆ.

ಪೇಟೆಯ ರಸ್ತೆಯಲ್ಲಿ ಇಂಬಳವಿಲ್ಲ, ಬೇರೆಯವು ಇವೆ. ಉಗುಳು, ನಾಯಿಯ ಹೇಲು, ಒಡೆದ ಚರಂಡಿಯ ನೀರು ಕಣ್ಣಿಗೆ ಕಾಣುವಂಥವು. ಕಾಣದ್ದು ಸೀಸ. ನಮ್ಮ ದೇಶದ ವಾಹನಗಳು 2000ನೇ ಇಸವಿಯವರೆಗೆ ಸೀಸ ಬೆರೆಸಿದ ಪೆಟ್ರೋಲಿನಲ್ಲಿ ಓಡಿದವು; ಹಳೆಯ ಪೇಂಟಿನಲ್ಲೂ ಅದು ಇತ್ತು. ಸೀಸ ಕೊಳೆತು ಮಣ್ಣಾಗುವ ಪದಾರ್ಥವಲ್ಲ, ಧೂಳಿನಲ್ಲಿ ಉಳಿದುಕೊಳ್ಳುತ್ತದೆ, ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ತನ್ನ ಜನರಿಗೆ ಕೊಡುವ ಸಲಹೆಗಳಲ್ಲಿ ಶೂ ಬಾಗಿಲಲ್ಲೇ ಬಿಡುವುದೂ ಸೇರಿದೆ. ಹಾಗೆಂದು ಚಪ್ಪಲಿ ಬಿಟ್ಟ ಮಾತ್ರಕ್ಕೆ ಕಾಲು ಶುದ್ಧವಾಗಿಬಿಡುವುದಿಲ್ಲ. ಬೆಳಗಿನಿಂದ ಶೂ ಒಳಗೆ ಬೆಂದ ಸಾಕ್ಸು ಸಂಜೆ ಒಬ್ಬರ ಮನೆಯ ಹಾಲ್‌ನಲ್ಲಿ ಬಿಡುಗಡೆಯಾದಾಗ ಏನಾಗುತ್ತದೆಂದು ವಿವರಿಸಬೇಕಿಲ್ಲ. ಹೆಣ್ಣು ನೋಡಲು ಹೋಗಿ, ಹರಿದ ಸಾಕ್ಸಿನಿಂದ ಇಣುಕುವ ಹೆಬ್ಬೆರಳನ್ನು ಇನ್ನೊಂದು ಪಾದದ ಕೆಳಗೆ ಮುಚ್ಚಿಟ್ಟುಕೊಂಡೇ ಉಪ್ಪಿಟ್ಟು ಮುಗಿಸಿದ ವರಮಹಾಶಯರು ಎಷ್ಟಿಲ್ಲ!

ಚಪ್ಪಲಿ ಬಿಡುವ ಪದ್ಧತಿಯನ್ನೇ ಹಿಡಿದು "ನಮ್ಮ ಹಿರಿಯರು ಎಂಥ ವಿಜ್ಞಾನಿಗಳು" ಎಂದು ವಾಟ್ಸ್ಆ್ಯಪ್‌ನಲ್ಲಿ ಬೀಗುವವರಿದ್ದಾರೆ. ಆದರೆ ಇದು ನಮ್ಮೊಬ್ಬರ ಪದ್ಧತಿಯಲ್ಲ. ಜಪಾನಿನಲ್ಲಿ ಬಾಗಿಲೊಳಗೇ ಒಂದು ಮೆಟ್ಟಿಲು ತಗ್ಗಿಸಿದ ಗೆಂಕಾನ್ ಎಂಬ ಜಾಗವಿದೆ. ಶೂ ಅಲ್ಲಿಯೇ ಬಿಟ್ಟು ಮೇಲೆ ಹತ್ತಬೇಕು. ಸ್ವೀಡನ್, ಫಿನ್ಲೆಂಡ್, ಕೆನಡಾಗಳಲ್ಲಿ ಹಿಮ ಬೀಳುವ ಊರುಗಳವರು ನಮಗಿಂತ ಕಟ್ಟುನಿಟ್ಟಾಗಿ ಬಿಡುತ್ತಾರೆ. ಟೊರಾಂಟೊದಲ್ಲಿ ನೆಲೆಸಿದ ಕನ್ನಡಿಗರು ಈ ವಿಷಯದಲ್ಲಿ ನೆರೆಯವರಿಗೆ ಪಾಠ ಹೇಳಬೇಕಾದ ಪ್ರಮೇಯವೇ ಇಲ್ಲ. ನೆಲದ ಮೇಲೆ ಕೂರುವವರು, ಕೆಸರು ಅಥವಾ ಹಿಮ ತುಳಿದು ಬರುವವರು ಎಲ್ಲಿದ್ದರೂ ಇದೇ ಮಾಡಿದ್ದಾರೆ.

ಇಲ್ಲಿಯವರೆಗೆ ಸುಲಭ. ಚಪ್ಪಲಿಯನ್ನು ನೆಲಕ್ಕಾಗಿ ಬಿಡಿಸುವುದು ಒಂದು, ಮನುಷ್ಯನೊಬ್ಬನ ಮುಂದೆ ತಗ್ಗಲಿ ಎಂದು ಬಿಡಿಸುವುದು ಇನ್ನೊಂದು. ಹೊರನೋಟಕ್ಕೆ ಎರಡೂ ಒಂದೇ ಥರ ಕಾಣುವುದರಿಂದಲೇ ತೊಡಕು. ಈ ಗೊಂದಲ ಬ್ರಿಟಿಷರ ಕಾಲದಲ್ಲಿ ಕೋರ್ಟಿನ ಮೆಟ್ಟಿಲೇ ಹತ್ತಿತ್ತು. ಗವರ್ನರ್ ಜನರಲ್ ಆಮ್‌ಹರ್ಸ್ಟ್ ತನ್ನೆದುರು ಬರುವ ಭಾರತೀಯರು ಜೋಡು ಬಿಟ್ಟು ಬರಬೇಕೆಂದು ಹಟ ಹಿಡಿದಿದ್ದ. ಡಾಲ್‌ಹೌಸಿಯ ಕಾಲಕ್ಕೆ ಅದು ಸರಕಾರಿ ಕಚೇರಿಗಳಿಗೆಲ್ಲ ವಿಸ್ತರಿಸಿತು. ಯುರೋಪಿನ ಉಡುಪು ತೊಟ್ಟವರಿಗೆ ಮಾತ್ರ ವಿನಾಯಿತಿ. 1862ರಲ್ಲಿ ಸೂರತ್ತಿನ ಫೌಜುದಾರಿ ಅದಾಲತ್ತಿನಲ್ಲಿ ಅಸೆಸರ್ (ನ್ಯಾಯಾಧೀಶರ ಸಲಹೆಗಾರ) ಆಗಿದ್ದ ಮಾನೆಕ್‌ಜಿ ಕವಾಸ್‌ಜಿ ಎಂಟಿ ಎಂಬಾತ ಸೆಷನ್ಸ್ ಜಡ್ಜನ ಮುಂದೆ ಜೋಡು ಬಿಡಲು ಒಪ್ಪಲಿಲ್ಲ. ಅವನನ್ನು ಒಳಗೆ ಬಿಡಲಿಲ್ಲ. ಆತ ಬೊಂಬಾಯಿಯ ಗವರ್ನರನಿಗೇ ಪ್ರತಿಭಟನೆಯ ಪತ್ರ ಬರೆದ.

ಆಳುವವರ ವಾದ ಜಾಣತನದ್ದು: ನೀವು ಮನೆಗೆ ಹೋಗುವಾಗ, ಗುಡಿಗೆ ಹೋಗುವಾಗ ಬಿಡುತ್ತೀರಿ, ಕೋರ್ಟಿಗೆ ಬರುವಾಗ ಬಿಡಲು ಏನು ಕಷ್ಟ? ಅದಕ್ಕೆ ನಮ್ಮವರು ಕೊಟ್ಟ ಉತ್ತರ ಇವತ್ತಿಗೂ ಉಪಯೋಗಕ್ಕೆ ಬರುವಂಥದು. ಮನೆಯಲ್ಲಿ ನೆಲದ ಮೇಲೆ ಕೂರುತ್ತೇವೆ, ರಸ್ತೆಯ ಹೊಲಸು ಒಳಗೆ ಬರಬಾರದು, ಅದಕ್ಕೆ ಬಿಡುತ್ತೇವೆ. ತೊಗಲು ಮೈಲಿಗೆ ಎಂಬ ನಂಬಿಕೆಯೂ ಇದೆ. ಕೋರ್ಟು ಮನೆಯಲ್ಲ, ಗುಡಿಯೂ ಅಲ್ಲ ಎಂದರು. ಕೋರ್ಟಿನಲ್ಲಿ ಜೋಡು ತೊಡಲು ಅನುಮತಿ ಸಿಗಲು ಮುಂದೆ ಹಲವು ವರ್ಷ ಹಿಡಿಯಿತು. ತಮಾಷೆಯೆಂದರೆ, ಇಲ್ಲಿ ಜೋಡು ಬಿಡಿಸಿದ ಅದೇ ಬಿಳಿಯರು ಬರ್ಮಾದ ಪಗೋಡಗಳೊಳಗೆ ಬೂಟು ಹಾಕಿಕೊಂಡೇ ನಡೆದಾಡುತ್ತಿದ್ದರು. 1919ರಲ್ಲಿ ಮಂಡಾಲೆಯ ಪಗೋಡವೊಂದರಲ್ಲಿ ಭಿಕ್ಷುಗಳು ತಿರುಗಿಬಿದ್ದದ್ದು ಅಲ್ಲಿನ ಸ್ವಾತಂತ್ರ್ಯ ಹೋರಾಟಕ್ಕೇ ಕಾವು ಕೊಟ್ಟಿತು.

ಆದರೆ ಆ ಉತ್ತರದಲ್ಲಿ ಹೊಲಸಿನ ಪಕ್ಕದಲ್ಲೇ ತೊಗಲಿನ ಮೈಲಿಗೆಯೂ ಕೂತಿತ್ತು ಎನ್ನುವುದನ್ನು ಮರೆಯುವಂತಿಲ್ಲ. ನಮಗೆ ಚಪ್ಪಲಿ ಹೊಲಿದುಕೊಟ್ಟವರನ್ನು ಊರ ಹೊರಗೆ ಇಟ್ಟದ್ದು ಆ ನಂಬಿಕೆಯೇ. ಅಥಣಿಯ ಸುತ್ತಮುತ್ತ ತಯಾರಾಗುವ ಮೆಟ್ಟುಗಳು ಕೊಲ್ಹಾಪುರಿ ಎಂಬ ಹೆಸರಲ್ಲಿ ಲೋಕವೆಲ್ಲ ಸುತ್ತಿದವು; ಮಾಡಿದ ಕೈಗಳು ಮಾತ್ರ ಅಂಗಳ ದಾಟಲಿಲ್ಲ. ದಲಿತರು ಮೇಲ್ಜಾತಿಯವರ ಕೇರಿ ಬಂದೊಡನೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾದ ಹಳ್ಳಿಗಳು ನಮ್ಮಲ್ಲಿ ಇದ್ದವು. ಅದು ಬೀದಿ, ಯಾರ ಮನೆಯ ನೆಲವೂ ಅಲ್ಲ. ಇದೆಲ್ಲ ಹಳೆಯ ಕಥೆ ಎನ್ನುವವರು ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಓದಬೇಕು. ಸಾರ್ವಜನಿಕ ಜಾಗದಲ್ಲಿ ಪರಿಶಿಷ್ಟರು ಪಾದರಕ್ಷೆ ಹಾಕುವುದಕ್ಕೆ ಅಡ್ಡಿಪಡಿಸುವುದು ಅಪರಾಧ ಎಂದು ಅದರಲ್ಲಿ ಬಿಡಿಸಿ ಬರೆಯಬೇಕಾಯಿತು. ಸಮಗಾರ ಹರಳಯ್ಯ ದಂಪತಿ ತಂದ ಚಮ್ಮಾವುಗೆಯನ್ನು ಬಸವಣ್ಣ ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಎಂಬ ಕಥೆಯನ್ನು ಶತಮಾನಗಳಿಂದ ಹೇಳಿಕೊಂಡು ಬಂದ ನಾಡು ಇದು.

ಹಾಗಾದರೆ ಒಂದು ಮನೆಯ ನಿಯಮ ನೆಲಕ್ಕಾಗಿಯೋ ಗತ್ತಿಗಾಗಿಯೋ ಎಂದು ತಿಳಿಯುವುದು ಹೇಗೆ? ಯಾರಿಗೆ ವಿನಾಯಿತಿ ಸಿಗುತ್ತದೆ ಎಂದು ನೋಡಿದರೆ ಸಾಕು. ಶಾಸಕರು ಬಂದಾಗ, ಹಿಂದೆ ಹತ್ತು ಜನ ಬಿಳಿ ಅಂಗಿಯವರು ಬೂಟುಗಾಲಲ್ಲಿ ನುಗ್ಗಿದಾಗ, ಯಾರ ಬಾಯಿಂದಲೂ ಚಪ್ಪಲಿಯ ಮಾತು ಹೊರಡುವುದಿಲ್ಲ. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸರಿಗೆ "ಸಾರ್, ಹಾಗೇ ಬನ್ನಿ" ಎನ್ನುವಾಗ ಮೊದಲ ಬಾರಿಗೆ ಆ ಮಾತು ನಿಜವಾಗಿರುತ್ತದೆ. ಮಗನ ಅಮೆರಿಕದ ಬಾಸ್ ಬಂದರೂ ಅಷ್ಟೆ. ಅದೇ ಗ್ಯಾಸಿನವನು ಬಂದಾಗ ನೋಡಿ. ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆಜಿ, ಕಬ್ಬಿಣವೂ ಸೇರಿ ಸುಮಾರು 30. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಅದನ್ನು ಹೆಗಲ ಮೇಲೆ ಹೊತ್ತು ತಂದವನು, ಇಳಿಸುವ ಮೊದಲೇ ಕಾಲಿನಿಂದ ಕಾಲಿಗೆ ಉಜ್ಜಿ ಚಪ್ಪಲಿ ಕಳಚಿ, ಆಗಷ್ಟೇ ಒರೆಸಿದ ಒದ್ದೆ ಟೈಲ್ಸಿನ ಮೇಲೆ ಬರಿಗಾಲಲ್ಲಿ ಅಡುಗೆಮನೆಗೆ ಹೋಗುತ್ತಾನೆ. ಜಾರಿದರೆ, ಕೈತಪ್ಪಿ ಸಿಲಿಂಡರ್ ಪಾದದ ಮೇಲೆ ಬಿದ್ದರೆ ಯಾರ ಗತಿ?

ಎಲೆಕ್ಟ್ರಿಷಿಯನ್ನನ ಪಾಡು ಇನ್ನೂ ಕೆಟ್ಟದ್ದು. ಸಬ್‌ಸ್ಟೇಷನ್ನಿನ ಪ್ಯಾನೆಲ್ಲುಗಳ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಸಿರುತ್ತಾರೆ. ಕರೆಂಟು ದೇಹದ ಮೂಲಕ ನೆಲಕ್ಕೆ ಇಳಿಯಬಾರದೆಂಬುದೇ ಅದರ ಉದ್ದೇಶ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ನನಿಗೆ ಮ್ಯಾಟ್ ಎಲ್ಲಿಂದ ಬರಬೇಕು? ಅವನಿಗಿರುವ ರಕ್ಷಣೆ ಕಾಲಲ್ಲಿರುವ ರಬ್ಬರ್ ಚಪ್ಪಲಿ. ನಾವು ಅದನ್ನೂ ಬಾಗಿಲಲ್ಲಿ ಬಿಡಿಸಿ, ಗೀಸರ್ ಶಾಕ್ ಹೊಡೀತಿದೆ ನೋಡಪ್ಪ ಎಂದು ಒದ್ದೆ ಬಚ್ಚಲಿಗೆ ಕಳಿಸುತ್ತೇವೆ. ಬಿಡು ಎಂದು ಹೇಳಬೇಕಾಗಿಯೂ ಇಲ್ಲ, ಅವನೇ ಬಿಟ್ಟು ಬರುತ್ತಾನೆ. ಹಾಗೆ ಬಿಡದಿದ್ದರೆ ಏನಾಗುತ್ತದೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಶಾಸಕರ ಬೂಟಿಗೆ ಅಂಟಿದ ಧೂಳಿಗಿಂತ ಇವನ ಚಪ್ಪಲಿಯ ಧೂಳು ಹೆಚ್ಚು ಅಪಾಯಕಾರಿಯೆಂದು ಯಾವ ವಿಜ್ಞಾನವೂ ಹೇಳುವುದಿಲ್ಲ.

ಇನ್ನು ಮನೆಯವರ ಪಾಲಿನ ಕೆಲಸ. ಅತಿಥಿ ದೇವರೆಂದಮೇಲೆ ದೇವರಿಗೆ ಚಪ್ಪಲಿ ಬಿಡು ಎನ್ನಬಹುದೇ ಎಂದು ವಾದಿಸುವವರುಂಟು. ಎನ್ನಬಹುದು, ಆದರೆ ದೇವರಿಗೆ ಮಾಡುವ ಷೋಡಶೋಪಚಾರದಲ್ಲಿ ಪಾದ್ಯವೂ ಒಂದು ಎಂಬುದು ನೆನಪಿರಬೇಕು. ಕಾಲು ತೊಳೆಯಲು ನೀರು ಕೊಡುವುದು ಮನೆಯವರ ಕರ್ತವ್ಯವಾಗಿತ್ತು. ಉತ್ತರ ಕರ್ನಾಟಕದ ಹಳ್ಳಿಮನೆಗೆ ಬಿಸಿಲಲ್ಲಿ ಹೋದರೆ ಈಗಲೂ "ಬರ್ರಿ, ಕೈಕಾಲು ತೊಳ್ಕೊಳ್ರಿ" ಎಂದು ಮೊದಲು ತಂಬಿಗೆ ನೀರು ಬರುತ್ತದೆ, ಮಾತು ಆಮೇಲೆ. ಬಿಸಿಲಿಗೆ ಬೆಂದ ಪಾದಕ್ಕೆ ಆ ನೀರು ಬಿದ್ದಾಗ ಚಪ್ಪಲಿ ಬಿಟ್ಟದ್ದು ಉಪಚಾರದ ಭಾಗವಾಗುತ್ತದೆ. ಪೇಟೆಯ ನಾವು ತಂಬಿಗೆಯನ್ನು ಕೈಬಿಟ್ಟು ಬಿಡಿಸುವುದನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಜಪಾನಿನವರು ಬಿಡಿಸಿದ ಶೂ ಬದಲಿಗೆ ಕಾಲಿಗೆ ಸ್ಲಿಪ್ಪರ್ ಕೊಡುತ್ತಾರೆ.

ಎಲ್ಲರ ಪಾದವೂ ಒಂದೇ ಅಲ್ಲ. ಸಕ್ಕರೆ ಕಾಯಿಲೆ ಹಳೆಯದಾದವರ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಗುಂಡುಸೂಜಿ ಚುಚ್ಚಿದರೂ ತಿಳಿಯದೆ ಹುಣ್ಣಾಗಿ, ಬೆರಳು ಕತ್ತರಿಸುವವರೆಗೆ ಹೋಗಬಹುದು. ಅಂಥವರಿಗೆ ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ ಎಂದೇ ವೈದ್ಯರು ಹೇಳುವುದು. ಹಿಮ್ಮಡಿ ನೋವಿನವರಿಗೆ ಗಟ್ಟಿ ಟೈಲ್ಸ್ ಎಂದರೆ ನರಕ. ಪೋಲಿಯೊ ಕ್ಯಾಲಿಪರ್‌ನವರಿಗೆ ಶೂ ಎಂಬುದು ಕಾಲಿನದೇ ಭಾಗ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಜೈಪುರದ ಇಬ್ಬರು. ಆಗ ಸಿಗುತ್ತಿದ್ದ ಪಾಶ್ಚಾತ್ಯ ಮಾದರಿಯ ಕೃತಕ ಪಾದ ಶೂ ಒಳಗಿರಲೆಂದೇ ತಯಾರಾದದ್ದು. ಕಾಲು ಕಳೆದುಕೊಂಡ ನಮ್ಮ ರೈತ ಅದನ್ನು ಹಾಕಿಕೊಂಡು ಗುಡಿಗೆ ಹೋಗುವಂತಿರಲಿಲ್ಲ, ಗದ್ದೆಗಿಳಿಯುವಂತಿರಲಿಲ್ಲ, ನಂಟರ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವಂತಿರಲಿಲ್ಲ. ಹೆಚ್ಚು ಓದದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ವೈದ್ಯ ಪಿ.ಕೆ. ಸೇಠಿ ಸೇರಿ 1968ರ ಸುಮಾರಿಗೆ ರಬ್ಬರಿನ ಜೈಪುರ ಪಾದ ರೂಪಿಸಿದರು. ಕಂದು ಬಣ್ಣದ, ಬೆರಳುಗಳಿರುವ, ಬರಿಗಾಲಿನಂತೆಯೇ ಕಾಣುವ ಪಾದ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚಪ್ಪಲಿ ಬಿಡುವ ಸಮಾಜದಲ್ಲಿ ಅಂಗವಿಕಲನೂ ಎಲ್ಲರಂತೆ ಹೊಸಿಲು ದಾಟಲಿ ಎಂದು ಅವರು ಪಾದವನ್ನೇ ಬದಲಿಸಿದರು. ನಮ್ಮ ಮನೆಯ ನಿಯಮವನ್ನು ಒಂದಿಷ್ಟು ಸಡಿಲಿಸಲು ಅಷ್ಟು ಕಷ್ಟಪಡಬೇಕಿಲ್ಲ.

ಅಪಾರ್ಟ್‌ಮೆಂಟುಗಳ ಕಾರಿಡಾರಿನಲ್ಲಿ ಚಪ್ಪಲಿ ಇಡುವ ಕುರಿತ ಜಗಳಕ್ಕೆ ಒಂದು ಸಾಲು ಸಾಕು: ನಿಮ್ಮ ಮನೆಯ ನೆಲ ಚೊಕ್ಕಟವಾಗಿರಲಿ ಎಂದು ಬೆಂಕಿ ಬಿದ್ದಾಗ ಎಲ್ಲರೂ ಓಡಬೇಕಾದ ದಾರಿಯಲ್ಲಿ ಶೂ ರ‍್ಯಾಕ್ ಇಡುವುದು ತಪ್ಪು.

ಬಂದವರು ಚಪ್ಪಲಿ ಬಿಡಲಿ, ಬಿಡಿ ಎಂದು ಬಾಯಿಬಿಟ್ಟು ಹೇಳುವುದರಲ್ಲಿ ಸಂಕೋಚ ಬೇಡ. "ಪರವಾಗಿಲ್ಲ" ಎಂಬ ಸುಳ್ಳನ್ನು ಮಾತ್ರ ಬಿಟ್ಟುಬಿಡೋಣ. ಬಾಗಿಲ ಪಕ್ಕ ಕೂತು ಲೇಸು ಬಿಚ್ಚಲು ಒಂದು ಸ್ಟೂಲ್ ಇಡಿ, ಒಳಗೆ ಹಾಕಿಕೊಳ್ಳಲು ತೊಳೆದ ಎರಡು ಜೊತೆ ಹವಾಯಿ ಚಪ್ಪಲಿ ಇಡಿ. ವಯಸ್ಸಾದವರು, ಕಾಲುನೋವಿನವರು ಬಂದರೆ ಅವರ ಚಪ್ಪಲಿಯ ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಗೇ ಕರೆದುಕೊಳ್ಳಿ. ಸಿಲಿಂಡರ್ ಹೊತ್ತವನಿಗೆ, ಕರೆಂಟಿನ ಕೆಲಸದವನಿಗೆ "ಹಾಕ್ಕೊಂಡೇ ಬಾರಪ್ಪ" ಎಂದು ನೀವಾಗಿ ಹೇಳಿ. ಅವರು ಹೋದ ಮೇಲೆ ಆ ನಾಲ್ಕು ಹೆಜ್ಜೆಯನ್ನು ಮನೆಕೆಲಸದಾಕೆ ನಾಳೆ ಬರುವವರೆಗೆ ಕಾಯದೆ, ಮನೆಯ ಗಂಡಸರೇ ಒರೆಸಿಬಿಡಿ.