ಏಟು ಕೇಳಿಸಿದರೆ ಸಾಲದು, ಕಾಣಬೇಕು

1972ರ ‘ದಿ ವೇ ಆಫ್ ದಿ ಡ್ರ್ಯಾಗನ್’ ಚಿತ್ರದಲ್ಲಿ ಬ್ರೂಸ್ ಲೀ ಮತ್ತು ಚಕ್ ನಾರಿಸ್ ರೋಮ್‌ನ ಕೊಲೋಸಿಯಂನಲ್ಲಿ ಎದುರಾದ ತಕ್ಷಣ ಮುಗಿಬೀಳುವುದಿಲ್ಲ. ಮೈ ಸಡಿಲಿಸಿಕೊಳ್ಳುತ್ತಾರೆ, ನೆಟಿಕೆ ಮುರಿಯುತ್ತಾರೆ. ಬೆಕ್ಕಿನ ಮರಿಯೊಂದು ನೋಡುತ್ತಿರುತ್ತದೆ. ಮೊದಮೊದಲು ಒದೆ ತಿನ್ನುವವನು ಲೀಯೇ. ಆಮೇಲೆ ಹೆಜ್ಜೆಯ ಲಯ ಬದಲಿಸಿ, ಕುಣಿಯುವವನಂತೆ ಸುತ್ತುತ್ತಾ ಎದುರಾಳಿಯನ್ನು ದಣಿಸುತ್ತಾನೆ. ಕೊಂದ ಮೇಲೆ ಅವನದೇ ಅಂಗಿಯನ್ನು ಹೆಣದ ಮೇಲೆ ಹೊದಿಸುತ್ತಾನೆ. ಹೊಡೆದಾಟದೊಳಗೇ ಒಂದು ಕಥೆ!

ಜಾಕಿ ಚಾನ್ ವರಸೆಯೇ ಬೇರೆ. ಕುರ್ಚಿ, ಏಣಿ, ಕೈಗೆ ಸಿಕ್ಕಿದ್ದೆಲ್ಲ ಆಯುಧ. ನೋವಾದರೆ ಮುಖ ಕಿವುಚುವ ನಾಯಕ. 1985ರ ‘ಪೊಲೀಸ್ ಸ್ಟೋರಿ’ಯಲ್ಲಿ ಮಾಲ್‌ನ ಮಹಡಿಯಿಂದ ದೀಪಗಳ ಸರ ಸುತ್ತಿದ ಕಂಬ ಹಿಡಿದು ಜಾರುವಾಗ ಅವನ ಅಂಗೈ ನಿಜಕ್ಕೂ ಸುಟ್ಟಿತ್ತು.

2000ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ನಟರನ್ನು ತಂತಿಗೆ ಕಟ್ಟಿ ಬಿದಿರಿನ ತುದಿಯಲ್ಲಿ ತೇಲಿಸಿತು. ಮೂರೇ ವರ್ಷಕ್ಕೆ ಥಾಯ್ಲೆಂಡಿನ ಟೋನಿ ಜಾ ‘ಓಂಗ್-ಬಾಕ್’ನಲ್ಲಿ ತಂತಿಯ ಹಂಗಿಲ್ಲದೆ ಮೊಣಕೈ, ಮೊಣಕಾಲನ್ನೇ ನಂಬಿದ. ಎರಡೂ ಸರಿಯೇ. ತಂತಿ ಬಳಸುವುದು ಮೋಸವೆನ್ನುವವರಿಗೆ ಸಿನಿಮಾ ಪೂರ್ತಿ ಕಣ್ಕಟ್ಟೆಂಬುದು ಮರೆತಿರಬೇಕು.

ನಿಜವಾದ ಮೋಸ ಸಂಕಲನದ ಮೇಜಿನದು. ‘ಟೇಕನ್ 3’ರಲ್ಲಿ ಲಿಯಾಮ್ ನೀಸನ್ ಒಂದು ಬೇಲಿ ಹಾರುವುದನ್ನೂ ಚೂರುಚೂರು ಕತ್ತರಿಸಿ ಜೋಡಿಸಿದ್ದಾರೆ. ಯಾರು ಹಾರಿದರು, ಎಲ್ಲಿ ಕಾಲಿಟ್ಟರು, ತಿಳಿಯದು. ಇಂಡೋನೇಷ್ಯಾದ ‘ದಿ ರೇಡ್’ (2011) ಕೂಡ ವೇಗದ್ದೇ, ಕ್ಯಾಮೆರಾವೂ ಅಲುಗಾಡುತ್ತದೆ. ಆದರೆ ಅದು ನಾಯಕನಾದ, ಸಿಲಾಟ್ ಎಂಬ ಸಮರಕಲೆಯ ಪಟು ಇಕೊ ಉವೈಸ್‌ನ ಕೈಗಳನ್ನು ಬಿಟ್ಟು ಕದಲುವುದಿಲ್ಲ. ಕೊನೆಗೆ ನಾಯಕ ಮತ್ತು ಅವನ ಸೋದರ ಇಬ್ಬರೂ ಸೇರಿ ಪುಟ್ಟ ಆಳಿನ ಖಳ ಮ್ಯಾಡ್ ಡಾಗ್‌ನ ಮೇಲೆ ಬಿದ್ದರೂ ಅವನು ಸುಲಭಕ್ಕೆ ಜಗ್ಗುವುದಿಲ್ಲ. ಯಾರ ಏಟು ಯಾರಿಗೆ ಬಿತ್ತೆಂಬ ಗೊಂದಲ ಪ್ರೇಕ್ಷಕನಿಗೂ ಇಲ್ಲ.